ಊಟಿಗೆ ಕಾರಲ್ಲೂ ಹೋಗಬೇಡಿ

"ವಿಮಾನ ಹತ್ತಬೇಡಿ ಅಂದಿದ್ರಿ ಡಾಕ್ಟ್ರೇ. ನಾವು ಕಾರಲ್ಲಿ ತಾನೇ ಹೋಗಿದ್ದು?"

ಮೈಸೂರಿನಲ್ಲಿ ರೆಟಿನಾ ಆಪರೇಷನ್ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಬೇಸರವಾಗಿದೆ. ಹೀಗೆ ಹೇಳುವವರು ಅಸಡ್ಡೆಯವರಲ್ಲ. ಗಡಿಯಾರ ನೋಡಿಕೊಂಡು ಹನಿ ಹಾಕಿಸಿಕೊಂಡವರು, ಕತ್ತು ನೋವಾದರೂ ದಿನಗಟ್ಟಲೆ ಬೋರಲು ಮಲಗಿದವರು. ವಿಮಾನ ಬೇಡ ಎಂದದ್ದನ್ನು ಮರೆತಿಲ್ಲ. ಯಾಕೆ ಬೇಡ ಎನ್ನುವುದು ಮಾತ್ರ ತಲೆಯಲ್ಲಿ ನಿಂತಿಲ್ಲ.

ರೆಟಿನಾ ಎಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪರದೆ. ಕಳಚಿದ ಆ ಪರದೆಯನ್ನು ಕೂರಿಸಿದ ಮೇಲೆ, ಅದು ಅಂಟುವವರೆಗೆ ಒಳಗಿನಿಂದ ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬುತ್ತೇವೆ. ಒಂದು ಬಗೆಯ ಗ್ಯಾಸ್ ಸುಮಾರು 2 ವಾರ ಇರುತ್ತದೆ, ಇನ್ನೊಂದು 6ರಿಂದ 8 ವಾರ. ತಾನಾಗಿಯೇ ಕರಗುತ್ತದೆ. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ಊಟಿ 2,240 ಮೀಟರ್. ಇಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಊಟಿ ತಲುಪುವಷ್ಟರಲ್ಲಿ ಉಬ್ಬಿರುವುದನ್ನು ನೋಡಿದ್ದೀರಿ ಅಲ್ವಾ? ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗ್ಯಾಸ್ ಹಿಗ್ಗುತ್ತದೆ. ಇಲ್ಲಿಂದ ಊಟಿಗೆ ಹೋದರೆ ಹೆಚ್ಚುಕಡಿಮೆ ಐದನೇ ಒಂದು ಪಾಲು. ಪೊಟ್ಟಣಕ್ಕೆ ಉಬ್ಬಲು ಜಾಗವಿದೆ, ಕಣ್ಣಿಗಿಲ್ಲ. ಕಣ್ಣಿನ ಒತ್ತಡ ಏರುತ್ತದೆ, ಜಾಸ್ತಿ ಏರಿದರೆ ಪರದೆಗೆ ರಕ್ತ ಹೋಗುವುದೇ ನಿಲ್ಲಬಹುದು. ವಿಮಾನವೋ, ಕಾರೋ, ಬಸ್ಸೋ, ಗ್ಯಾಸಿಗೆ ಎಲ್ಲ ಒಂದೇ. ಅದಕ್ಕೆ ಗೊತ್ತಾಗುವುದು ಎತ್ತರ ಮಾತ್ರ.

ಮಂಡ್ಯ ಕಡೆಯ ಯಜಮಾನರೊಬ್ಬರು ನೆಂಟರ ಮದುವೆಗೆಂದು ಹೀಗೇ ಹೊರಟಿದ್ದರು. ಬಂಡೀಪುರ ದಾಟಿ, ಮಸಿನಗುಡಿ ಮೇಲೆ ಕಲ್ಹಟ್ಟಿ ಘಾಟಿ. ಅರ್ಧ ದಾರಿಯಲ್ಲಿ ತಲೆನೋವು, ವಾಂತಿ. 36 ತಿರುವಿನ ರಸ್ತೆ, ಯಾರಿಗಾದರೂ ವಾಂತಿ ಬರುತ್ತೆ ಎಂದುಕೊಂಡು ಮನೆಯವರು ನಿಂಬೆಹಣ್ಣು ಮೂಸಿಸಿದ್ದಾರೆ. ಕಣ್ಣು ಕತ್ತಲಾದ ಮೇಲೆ ಗಾಬರಿಯಾಗಿ ಕೆಳಗಿಳಿದರು. ನಮ್ಮಲ್ಲಿಗೆ ಬಂದಾಗ ಸ್ವಲ್ಪ ಗ್ಯಾಸ್ ತೆಗೆದು ಒತ್ತಡ ಇಳಿಸಿದೆವು. ಕಣ್ಣು ಉಳಿಯಿತು. ಆಪರೇಷನ್ನಿನಿಂದ ಬರಬೇಕಿದ್ದ ನೋಟ ಪೂರ್ತಿ ಬರಲಿಲ್ಲ. ಅವರ ಹೆಂಡತಿ "ನಾನೇ ಹೊರಡಿಸಿದ್ದು" ಎಂದು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದಕ್ಕೇ ಮಡಿಕೇರಿ ಕಡೆಯಿಂದ ಬಂದವರನ್ನು ಆಪರೇಷನ್ನಿಗೆ ಮೊದಲೇ ಕೇಳುತ್ತೇನೆ: ಮೈಸೂರಲ್ಲಿ ಉಳಿಯಲು ನೆಂಟರ ಮನೆ ಇದೆಯಾ? ಚಾಮುಂಡಿ ಬೆಟ್ಟ ಊರಿಗಿಂತ 300 ಮೀಟರ್ ಮೇಲಿದೆ ಅಷ್ಟೇ. ಆದರೂ ನಿಮ್ಮ ಡಾಕ್ಟರನ್ನು ಕೇಳದೆ ಹತ್ತಬೇಡಿ. ಅಲ್ಲಿಯವರೆಗೆ ಕೆಳಗಿಂದಲೇ ಕೈಮುಗಿಯಿರಿ, ತಾಯಿ ಬೇಡ ಅನ್ನುವುದಿಲ್ಲ. ಬೇರೆ ಯಾವುದಾದರೂ ಆಪರೇಷನ್ ಮಾಡಿಸಬೇಕಾಗಿ ಬಂದರೆ, ಅರಿವಳಿಕೆ ಕೊಡುವವರಿಗೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಮೊದಲು ಹೇಳಿ. ಗ್ಯಾಸ್ ಬದಲು ಸಿಲಿಕಾನ್ ಎಣ್ಣೆ ಹಾಕಿದವರಿಗೆ ಎತ್ತರದ ಭಯವಿಲ್ಲ, ಎಣ್ಣೆ ಹಾಗೆ ಹಿಗ್ಗುವುದಿಲ್ಲ.

ನೋಟದ ವಿಷಯಕ್ಕೆ ದಯವಿಟ್ಟು ತಾಳ್ಮೆ ಇರಲಿ. ಗ್ಯಾಸ್ ಇರುವಷ್ಟು ದಿನ ಆ ಕಣ್ಣು ಮಸುಕೇ. ಕಾಫಿ ಲೋಟದ ಹೊರಗೆ ಬೀಳುತ್ತದೆ, ಮೆಟ್ಟಿಲು ಲೆಕ್ಕ ತಪ್ಪುತ್ತದೆ. ಪರದೆಯ ನಡುಭಾಗವೂ ಕಳಚಿದ್ದರೆ ಆಮೇಲೂ ಬಾಗಿಲ ಚೌಕಟ್ಟು ಸೊಟ್ಟ ಕಾಣಬಹುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷದವರೆಗೂ ಸುಧಾರಿಸುತ್ತಾ ಹೋಗುತ್ತದೆ. ಮೊದಲಿನಷ್ಟೇ ಆಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಹದಿನೈದು ದಿನಕ್ಕೊಂದು ಕನ್ನಡಕ ಮಾಡಿಸಿ ಸುಮ್ನೆ ದುಡ್ಡು ಕಳೆಯಬೇಡಿ.

ಗ್ಯಾಸ್ ಕರಗುವುದು ನಿಮಗೇ ಕಾಣುತ್ತದೆ. ನೀರಿನ ಮಟ್ಟದ ಹಾಗೆ ಒಂದು ಗೆರೆ, ದಿನದಿನಕ್ಕೆ ಕೆಳಗಿಳಿಯುತ್ತದೆ. ಪಾಂಡವಪುರ ಕಡೆಯ ಅಜ್ಜಿಯೊಬ್ಬರು ದಿನಾ ಬೆಳಿಗ್ಗೆ ಕೆಆರ್‌ಎಸ್ ಮಟ್ಟ ಹೇಳುವಂತೆ ಮೊಮ್ಮಗನಿಗೆ ಅದನ್ನು ಹೇಳುತ್ತಿದ್ದರಂತೆ. ಕೊನೆಗೆ ಒಂದು ಪುಟ್ಟ ಗುಳ್ಳೆ ಉಳಿಯಿತು. ಅದೂ ಹೋದ ದಿನ ಫೋನ್ ಮಾಡಿಸಿದರು.

"ಕಟ್ಟೆ ಖಾಲಿ ಆಯ್ತು ಕಣಪ್ಪ. ಬೆಟ್ಟಕ್ಕೆ ಹೋಗ್ಲಾ?"

"ಮೊದಲು ಇಲ್ಲಿಗೆ ಬನ್ನಿ ಅಜ್ಜಿ, ಒಂದ್ಸಲ ನೋಡ್ತೀನಿ. ಇಲ್ಲಿಂದಲೇ ಹೋಗುವಿರಂತೆ" ಎಂದೆ.