ಕೀ ಒತ್ತಿದ್ರೆ ಹೋಗೋದು ಅಕ್ಷರ ಅಲ್ಲ, ಬರೀ ನಂಬರ್

ಕಾರವಾರ ಬಸ್‌ಸ್ಟ್ಯಾಂಡ್ ಹತ್ರದ ಝೆರಾಕ್ಸ್ ಅಂಗಡಿಗಳಲ್ಲಿ ಹಳೇ ಕೀಬೋರ್ಡ್ ಇದ್ರೆ ಒಮ್ಮೆ ಗಮನಿಸಿ ನೋಡಿ, ಎ, ಎಸ್, ಇ ಮೇಲಿನ ಅಕ್ಷರ ಪೂರ್ತಿ ಅಳಿಸಿ ಹೋಗಿರ್ತದೆ, ಆದ್ರೂ ಅಲ್ಲಿ ಕೂತವ್ರು ಅರ್ಜಿ ಪಟಪಟ ಅಂತ ಹೊಡೀತಾನೇ ಇರ್ತಾರೆ. ಅವ್ರ ಬೆರಳಿಗೆ ಅಭ್ಯಾಸ ಆಗಿದೆ, ಸರಿ. ಎಫ್ ಮತ್ತು ಜೆ ಮೇಲೆ ಇರೋ ಸಣ್ಣ ಉಬ್ಬು ಕೂಡ ಅದಕ್ಕೇ, ನೋಡ್ದೇನೇ ತೋರುಬೆರಳು ಜಾಗ ಹಿಡೀಬೇಕು ಅಂತ. ಆದ್ರೆ ಇನ್ನೊಂದು ವಿಷಯ ಇದೆ, ಆ ಅಕ್ಷರ ಅಲ್ಲಿ ಇದ್ಯೋ ಇಲ್ವೋ ಅಂತ ಕಂಪ್ಯೂಟರಿಗೆ ಗೊತ್ತೇ ಇರಲ್ಲ. ಕೀಬೋರ್ಡ್ ಕಳಿಸೋದು ಅಕ್ಷರ ಅಲ್ಲವೇ ಅಲ್ಲ, ಯಾವ ಜಾಗದ ಕೀ ಅಂತ ಹೇಳೋ ಒಂದು ನಂಬರ್ ಅಷ್ಟೇ.

ಯುಎಸ್‌ಬಿ ಕೀಬೋರ್ಡಲ್ಲಿ ಎ ಇರೋ ಜಾಗಕ್ಕೆ ನಂಬರ್ 4. ನಮ್ಮ ಕಡೆ ಇಂಗ್ಲಿಷ್ ಸೆಟ್ಟಿಂಗ್ ಇದ್ರೆ 4 ಬಂದ ಕೂಡ್ಲೆ ಪರದೆ ಮೇಲೆ ಎ ಮೂಡ್ತದೆ, ಅದೇ 4 ಫ್ರೆಂಚ್ ಸೆಟ್ಟಿಂಗಲ್ಲಿ ಕ್ಯೂ ಆಗ್ತದೆ, ಇನ್‌ಸ್ಕ್ರಿಪ್ಟ್ (ಭಾರತದ ಭಾಷೆಗಳಿಗೆ ಅಂತ ಮಾಡಿದ ಕೀ ವಿನ್ಯಾಸ) ಕನ್ನಡದಲ್ಲಿ 'ಕೋ' ಅಕ್ಷರದಲ್ಲಿ ಬರೋ ಓತ್ವದ ಗುರುತು ಆಗ್ತದೆ, ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಒಬ್ಬರಾದ ಕೆ.ಪಿ. ರಾವ್ ರೂಪಿಸಿದ ಇನ್ನೊಂದು ಕನ್ನಡ ವಿನ್ಯಾಸದಲ್ಲಿ 'ಅ' ಆಗ್ತದೆ. ಕೀ ಒಂದೇ, ತಂತಿಯಲ್ಲಿ ಹೋದ ನಂಬರೂ ಒಂದೇ, ಅರ್ಥ ಹಚ್ಚೋದು ಕಂಪ್ಯೂಟರ್ ಒಳಗಿನ ಸಾಫ್ಟ್‌ವೇರ್.

ಈಗ ಒಳಗೆ ಎಂತ ಇರ್ತದೆ ಅಂತ ನೋಡುವ. ಸಾಮಾನ್ಯ ಕೀಬೋರ್ಡ್ ಬಿಚ್ಚಿದ್ರೆ ರಬ್ಬರ್ ಗುಬುಟುಗಳ ಒಂದು ಹಾಸು, ಅದರ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ವಿದ್ಯುತ್ ಹರಿಯೋ ಗೆರೆ ಪ್ರಿಂಟ್ ಮಾಡಿರ್ತಾರೆ, ನಡುವಿನ ಹಾಳೆಗೆ ಪ್ರತಿ ಕೀ ಕೆಳಗೂ ಒಂದು ತೂತು. ಕೀ ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗ್ತದೆ. 104 ಕೀಗೆ 104 ತಂತಿ ಎಳೀಲಿಕ್ಕೆ ಹೋದ್ರೆ ಗೋಜಲು, ಅದಕ್ಕೆ ಅಡ್ಡ ಗೆರೆ ಉದ್ದ ಗೆರೆ ಅಂತ ಮಾಡ್ತಾರೆ. 8 ಅಡ್ಡ, 18 ಉದ್ದ ಇದ್ರೆ 144 ಕೂಡುವ ಜಾಗ ಸಿಗ್ತದೆ, ತಂತಿ ಬರೀ 26 ಸಾಕು. ಮೂಲೆಯಲ್ಲಿ ಕೂತ ಸಣ್ಣ ಚಿಪ್ ಒಂದೊಂದೇ ಗೆರೆಗೆ ಕರೆಂಟ್ ಕೊಟ್ಟು ಎಲ್ಲಿ ತಾಗಿದೆ ಅಂತ ನೋಡ್ತಾ ಹೋಗ್ತದೆ, ಇದನ್ನ ಸೆಕೆಂಡಿಗೆ ನೂರಾರು ಸಲ ಮಾಡ್ತದೆ. ಇನ್ನೊಂದು ಸೂಕ್ಷ್ಮ, ಎರಡು ಗೆರೆ ತಾಗುವಾಗ ಒಮ್ಮೆಲೇ ಗಟ್ಟಿಯಾಗಿ ಕೂರಲ್ಲ, ಕೆಲವು ಮಿಲಿಸೆಕೆಂಡ್ ತಾಗಿ ಬಿಟ್ಟು ತಾಗಿ ಬಿಟ್ಟು ಮಾಡ್ತದೆ, ಚಿಪ್ ಅಷ್ಟು ಹೊತ್ತು ಕಾದು ಆಮೇಲೆ ಒಂದೇ ಸಲ ಒತ್ತಿದ್ದು ಅಂತ ಲೆಕ್ಕ ಹಿಡೀತದೆ. ಕೀ ಸವೆದು ಹೋಗಿ ಈ ಕುಣಿತ ಜಾಸ್ತಿ ಆದ್ರೆ ಒಂದ್ಸಲ ಒತ್ತಿದ್ದಕ್ಕೆ ಎರಡು ಅಕ್ಷರ ಬರ್ತದೆ.

ನಮ್ಮ ಕರಾವಳಿಯವ್ರಿಗೆ ಇದು ಗೊತ್ತಿರಬೇಕಾದ್ದು ಎಂತಕ್ಕೆ ಅಂದ್ರೆ, ಮಳೆಗಾಲದಲ್ಲಿ ಕುಮಟಾ, ಅಂಕೋಲಾ ಕಡೆ ಗಾಳಿಯಲ್ಲೇ ಪಸೆ ಇರ್ತದೆ, ಜೊತೆಗೆ ಸಮುದ್ರದ ಉಪ್ಪು. ಆ ಪಸೆ ಹಾಳೆ ನಡುವೆ ಇಳಿದು ಒಂದು ಗೆರೆ ಕೊರೆದು ಹೋದ್ರೆ ಆ ಗೆರೆಗೆ ಸೇರಿದ ಕೀ ಎಲ್ಲಾ ಒಟ್ಟಿಗೇ ಸಾಯ್ತವೆ. ಈ ಗೆರೆಗಳು ನಾವು ಮೇಲಿಂದ ನೋಡೋ ಸಾಲಿನ ಹಾಗೇ ಇರಬೇಕು ಅಂತೇನಿಲ್ಲ, ಹಾಗಾಗಿ ಮೇಲಿನ ಸಾಲಿಂದ ಒಂದು, ಕೆಳಗಿನ ಸಾಲಿಂದ ಒಂದು, ಸಂಬಂಧವೇ ಇಲ್ಲ ಅನ್ನಿಸೋ ಕೀಗಳು ಒಂದೇ ದಿನ ಕೈ ಕೊಡ್ತವೆ. ಅದು ವೈರಸ್ ಅಲ್ಲ ಮಾರಾಯ್ರೆ, ವಿಂಡೋಸ್ ಮತ್ತೆ ಹಾಕ್ಸಿ ದುಡ್ಡು ಕಳೀಬೇಡಿ. ಮೊದ್ಲು ಬೇರೆ ಕೀಬೋರ್ಡ್ ಹಚ್ಚಿ ನೋಡಿ.

ಶಿಫ್ಟ್, ಕಂಟ್ರೋಲ್, ಆಲ್ಟ್, ವಿಂಡೋಸ್ ಕೀಗಳ ದಾರಿ ಬೇರೆ. ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು, ಒಟ್ಟು 8. ಯುಎಸ್‌ಬಿ ಕೀಬೋರ್ಡ್ ಕಳಿಸೋ ಸಾದಾ ಸಂದೇಶ 8 ಬೈಟ್ ಇರ್ತದೆ, ಅದರ ಮೊದಲನೇ ಬೈಟಿನ 8 ಬಿಟ್ ಪೂರ್ತಿ ಈ ಎಂಟಕ್ಕೇ ಮೀಸಲು, ಒಂದೊಂದಕ್ಕೆ ಒಂದೊಂದು ಬಿಟ್ (ಬಿಟ್ ಅಂದ್ರೆ 0 ಅಥವಾ 1 ಕೂರೋ ಒಂದು ಜಾಗ, ಎಂಟು ಬಿಟ್ ಸೇರಿದ್ರೆ ಒಂದು ಬೈಟ್). ಉಳಿದ ಕೀಗಳಿಗೆ ಏಕಕಾಲಕ್ಕೆ ಆರು ಜಾಗ. ಅಂದ್ರೆ ಶಿಫ್ಟ್ ಒತ್ತಿ ಎ ಹೊಡೆದ್ರೂ ಹೋಗೋದು 4, ಪಕ್ಕದಲ್ಲಿ ಶಿಫ್ಟ್ ಬಿಟ್ ಮಾತ್ರ 1 ಆಗಿರ್ತದೆ. ಶಿಫ್ಟ್ ಹುಟ್ಟಿದ್ದು ಟೈಪ್‌ರೈಟರಲ್ಲಿ, ಮೊದಲು ಬರೀ ದೊಡ್ಡಕ್ಷರ ಹೊಡೀತಿತ್ತು, 1878ರ ರೆಮಿಂಗ್ಟನ್ 2ರಲ್ಲಿ ಒಂದೇ ಅಚ್ಚಿನ ಕಡ್ಡಿಗೆ ಎರಡು ಅಕ್ಷರ ಕೂರ್ಸಿ, ಶಿಫ್ಟ್ ಒತ್ತಿದಾಗ ಕಾಗದ ಹಿಡಿದ ಭಾಗವೇ ಸರಿಯೋ ಹಾಗೆ ಮಾಡಿದ್ರು. ಕಂಟ್ರೋಲ್ ಕೀಯದ್ದು ಲೆಕ್ಕದ ಕೆಲಸ. ಆಸ್ಕಿ ಅಂದ್ರೆ ಕಂಪ್ಯೂಟರ್ ಒಳಗೆ ಇಂಗ್ಲಿಷ್ ಅಕ್ಷರಗಳಿಗೆ ಕೊಟ್ಟ ನಂಬರ್ ಪಟ್ಟಿ, ಕೀ ಜಾಗದ ನಂಬರ್ ಬೇರೆ, ಇದು ಬೇರೆ. ಅದರಲ್ಲಿ ದೊಡ್ಡ ಎಮ್ 77, ಕಂಟ್ರೋಲ್ ಜೊತೆ ಒತ್ತಿದ್ರೆ 64 ಕಳೆದು 13 ಉಳೀತದೆ, 13 ಅಂದ್ರೆ ಎಂಟರ್. ಲಿನಕ್ಸ್ ಟರ್ಮಿನಲ್ (ಆಜ್ಞೆ ಟೈಪ್ ಮಾಡೋ ಕಿಟಕಿ) ಇದ್ರೆ ಇವತ್ತೂ ಕಂಟ್ರೋಲ್ ಜೊತೆ ಎಮ್ ಒತ್ತಿ ನೋಡಿ, ಎಂಟರ್ ಹೊಡೆದ ಹಾಗೇ ಆಗ್ತದೆ.

ಕನ್ನಡಕ್ಕೆ ಬೇರೆ ಕೀಬೋರ್ಡ್ ಬೇಕಾ ಅಂತ ಶಿರಸಿ ಕಡೆ ಈಗ್ಲೂ ಜನ ಕೇಳ್ತಾರೆ. ಬೇಡ. ನಂಬರ್ ಬರ್ತಾ ಇದ್ರೆ ಸಾಕು, ವಿಂಡೋಸಲ್ಲಿ ಕನ್ನಡ ಸೇರ್ಸಿಕೊಂಡು ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಾಯಿಸಿದ್ರೆ ಆಯ್ತು. ಒತ್ತಕ್ಷರ ಮಾತ್ರ ಸ್ವಲ್ಪ ತಿಳ್ಕೊಳ್ಬೇಕು. 'ಭಟ್ಕಳ' ಅಂತ ಹೊಡೀರಿ, ಕಣ್ಣಿಗೆ ಕಾಣೋದು ಮೂರು ಅಕ್ಷರ, ಎಲ್ಲಾ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡೋ ಯೂನಿಕೋಡಲ್ಲಿ ಒಳಗೆ ಕೂತಿದ್ದು ಐದು: ಭ, ಟ, ಅರ್ಧಾಕ್ಷರದ ಗುರುತು, ಕ, ಳ. ಆ ಗುರುತಿಗೆ ಕೆ.ಪಿ. ರಾವ್ ವಿನ್ಯಾಸದಲ್ಲಿ ಎಫ್ ಕೀ, ಇನ್‌ಸ್ಕ್ರಿಪ್ಟಲ್ಲಿ ಡಿ ಕೀ. ಟ ಕೆಳಗೆ ಕ ಒತ್ತನ್ನ ಕೂರ್ಸೋದು ಫಾಂಟಿನ ಕೆಲಸ, ಕೀಬೋರ್ಡಿಂದಲ್ಲ. ಅದಕ್ಕೇ ಬ್ಯಾಕ್‌ಸ್ಪೇಸ್ ಒತ್ತಿದಾಗ ಅಕ್ಷರ ತುಂಡು ತುಂಡಾಗಿ ಅಳೀತದೆ: ಮೊದ್ಲು ಳ ಹೋಯ್ತು, ಆಮೇಲೆ ಕ ಒತ್ತು ಹೋಗಿ 'ಭಟ್' ಉಳೀತು, ಇನ್ನೊಮ್ಮೆ ಒತ್ತಿದ್ರೆ 'ಭಟ'. ಡಿಲೀಟ್ ಕೀ ಬಹಳಷ್ಟು ಕಡೆ ಹಾಗಲ್ಲ, ಒತ್ತು ಸಮೇತ ಇಡೀ ಅಕ್ಷರ ಹಾರ್ಸಿ ಬಿಡ್ತದೆ. ಒತ್ತು ಮಾತ್ರ ತಪ್ಪಿದ್ದಾದ್ರೆ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಬಳಸಿ, ಪೂರ್ತಿ ಮತ್ತೆ ಹೊಡೆಯೋ ಕೆಲಸ ತಪ್ತದೆ.