ಇಯರ್‌ಪ್ಲಗ್ ಜೇಬಲ್ಲಿದ್ದರೆ ಕಿವಿ ಉಳಿಯೋದಿಲ್ಲ

"ಗದ್ದಲ ಅಭ್ಯಾಸ ಆಗಿಬಿಟ್ಟಿದೆ ಮೇಡಂ, ಈಗ ಏನೂ ಅನ್ನಿಸೋದಿಲ್ಲ." ಕಿವಿ ಪರೀಕ್ಷೆಗೆ ಬರುವ ಕಾರ್ಮಿಕರು ನನಗೆ ಅತಿ ಹೆಚ್ಚು ಹೇಳುವ ಮಾತು ಇದು. ಪ್ರತಿ ಸಲ ಕೇಳಿದಾಗಲೂ ನನಗೆ ಆತಂಕವಾಗುತ್ತದೆ. ಮನಸ್ಸು ಗದ್ದಲವನ್ನು ಗಮನಿಸದೆ ಇರುವುದನ್ನು ಕಲಿಯಬಹುದು, ಆದರೆ ಕಿವಿ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಮೊದಲು ಕಿವಿಗೆ ಬಡಿಯುತ್ತಿದ್ದ ಮೆಷಿನ್ ಈಗ ಅಷ್ಟೇನೂ ಜೋರಿಲ್ಲ ಅನ್ನಿಸಿದರೆ, ಬಹಳ ಸಲ ಕೇಳುವ ಶಕ್ತಿಯೇ ಸ್ವಲ್ಪ ಹೋಗಿರುತ್ತದೆ.

ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ಸೂಕ್ಷ್ಮ ಕೂದಲು ಕೋಶಗಳಿವೆ. ಒಂದು ಕಿವಿಗೆ ಸುಮಾರು 15,000, ಅಷ್ಟೇ. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲ ಪೆಟ್ಟು ಬೀಳುವುದು 4000 ಹರ್ಟ್ಜ್ ಆಸುಪಾಸಿನ ಕೀರಲು ಧ್ವನಿಗಳನ್ನು ಹಿಡಿಯುವ ಕೋಶಗಳಿಗೆ. ಅದಕ್ಕೇ ಶುರುವಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾತು ಕೇಳಿಸುತ್ತಿರುತ್ತದೆ, ಸ್ವರಗಳೆಲ್ಲ ದಪ್ಪ ಧ್ವನಿಯವು, ಅವು ಸರಿಯಾಗೇ ಬರುತ್ತವೆ. ಸ, ಶ, ತ, ಕ ಇಂಥವು ಮಾತ್ರ ಮಸುಕಾಗುತ್ತಾ ಹೋಗುತ್ತವೆ. ಗದ್ದಲದ ನಡುವೆ ಜೊತೆಗಾರ "ಸಾಕು" ಅಂದನೋ "ಹಾಕು" ಅಂದನೋ ತಿಳಿಯದಿದ್ದರೆ ಮೆಷಿನ್ ಮುಂದೆ ಏನಾಗಬಹುದು, ಯೋಚಿಸಿ. ಮನೆಯಲ್ಲಿ ಟೀವಿ ಜಾಸ್ತಿ ಮಾಡು ಅನ್ನುವುದು, "ಎಲ್ಲರೂ ಗೊಣಗುತ್ತಾರೆ" ಅಂತ ಬೇಸರಪಡುವುದು ಆಮೇಲಿನ ಕಥೆ.

ಶಿಫ್ಟ್ ಮುಗಿದ ಮೇಲೆ ಕಿವಿ ಗುಂಯ್ ಅನ್ನುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ ಅಲ್ವಾ? ಸರಿಹೋಯಿತು ಅಂತ ಬಿಟ್ಟುಬಿಡಬೇಡಿ. 2009ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ಕೇಳುವ ಶಕ್ತಿ ಪೂರ್ತಿ ವಾಪಸ್ ಬಂದಿದ್ದರೂ ಕೋಶ ಮತ್ತು ನರದ ನಡುವಿನ ಕೊಂಡಿಗಳು ಕಳಚಿಹೋಗಿದ್ದವು. ಗುಂಯ್ ಅನ್ನುವ ಕಿವಿ ನಿಮಗೆ ಎಚ್ಚರಿಕೆ ಕೊಡುತ್ತಿದೆ.

ಎಷ್ಟು ಶಬ್ದ ಜಾಸ್ತಿ? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 8 ಗಂಟೆಗೆ 85 ಡೆಸಿಬೆಲ್. ಇಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ ಮಾಡಬೇಕು: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಗ್ರೈಂಡರ್, ಗರಗಸದ ಮೆಷಿನ್, ಕಾಂಕ್ರೀಟ್ ಒಡೆಯುವ ಬ್ರೇಕರ್ ಎಲ್ಲ ಸುಲಭವಾಗಿ 100 ಮುಟ್ಟುತ್ತವೆ. ಕೆಲವು ಕಡೆ ಕಾನೂನು 90ರವರೆಗೆ ಬಿಡುತ್ತದೆ. ನಾನು 85ನ್ನೇ ಹಿಡಿದುಕೊಳ್ಳಿ ಅನ್ನುತ್ತೇನೆ, ಯಾಕಂದರೆ ನಿಯೋಶ್ ಲೆಕ್ಕದಲ್ಲೇ 40 ವರ್ಷ ದುಡಿದರೆ 85ರಲ್ಲಿ ನೂರಕ್ಕೆ 8 ಜನರಿಗೆ, 90ರಲ್ಲಿ ನೂರಕ್ಕೆ 25 ಜನರಿಗೆ ಶಬ್ದದಿಂದಲೇ ಕಿವಿಗೆ ಹಾನಿಯಾಗುತ್ತದೆ. ಶಬ್ದ ಅಳೆಯುವ ಮೀಟರ್ ಕೈಯಲ್ಲಿಲ್ಲದಿದ್ದರೆ ಒಂದು ಅಂದಾಜು: ಒಂದು ಮೀಟರ್ ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾದರೆ, 85 ದಾಟಿರುವ ಸಾಧ್ಯತೆ ಹೆಚ್ಚು.

ಈಗ ಇಯರ್‌ಪ್ಲಗ್, ಅಂದರೆ ಶಬ್ದ ತಡೆಯಲು ಕಿವಿಯೊಳಗೆ ತೂರಿಸಿಕೊಳ್ಳುವ ಬಿರಡೆಯ ವಿಷಯ. ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ಡಬ್ಬಿ ತಂದು ಎಲ್ಲರಿಗೂ ಹಂಚಿ, ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು ಅಂತ ಬಹಳ ಕಡೆ ಅಂದುಕೊಂಡಿದ್ದಾರೆ. ಪ್ಲಗ್ 30 ಡೆಸಿಬೆಲ್ ತಗ್ಗಿಸುತ್ತದೆ ಅಂತಿಟ್ಟುಕೊಳ್ಳಿ. 8 ಗಂಟೆಯ ಶಿಫ್ಟಿನಲ್ಲಿ ಒಟ್ಟು ಅರ್ಧ ಗಂಟೆ ಅದನ್ನು ತೆಗೆದಿದ್ದರೆ ಇಡೀ ದಿನಕ್ಕೆ ನಿಮಗೆ ಸಿಕ್ಕ ರಕ್ಷಣೆ ಸುಮಾರು 12 ಡೆಸಿಬೆಲ್ ಮಾತ್ರ. ಬರೀ 5 ನಿಮಿಷ ತೆಗೆದರೂ 19ರ ಆಸುಪಾಸಿಗೆ ಇಳಿಯುತ್ತದೆ. ಆ ಕೆಲವು ನಿಮಿಷಗಳಲ್ಲಿ ಒಳಗೆ ಹೋಗುವ ಶಬ್ದದ ಶಕ್ತಿ, ಪ್ಲಗ್ ಹಾಕಿಕೊಂಡು ಕಳೆದ ಗಂಟೆಗಳದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾದರೆ ಜನ ಯಾಕೆ ತೆಗೆಯುತ್ತಾರೆ? ಸೂಪರ್‌ವೈಸರ್‌ಗಳು ಬೈಯುವ ಮೊದಲು ಇದನ್ನು ಕೇಳಬೇಕು. ಬೆವರಿಗೆ ಕೆರೆಯುತ್ತದೆ. ಪಕ್ಕದವರ ಮಾತು ಕೇಳಿಸುವುದಿಲ್ಲ. ಬೇರಿಂಗ್ ಕೆಟ್ಟರೆ ಸದ್ದಿನಲ್ಲೇ ಗೊತ್ತಾಗಬೇಕು, ಅದೂ ಕೇಳಿಸುವುದಿಲ್ಲ. ಇವೆಲ್ಲ ನಿಜವಾದ ಕಷ್ಟಗಳು, ಸೋಮಾರಿತನ ಅಲ್ಲ. 90 ಡೆಸಿಬೆಲ್ ಇರುವ ಜಾಗಕ್ಕೆ ಅತಿ ಬಲವಾದ ಪ್ಲಗ್ ಕೊಟ್ಟರೆ ಮನುಷ್ಯ ಪೂರ್ತಿ ಕಿವುಡನಂತಾಗುತ್ತಾನೆ, ತೆಗೆಯದೆ ಇನ್ನೇನು ಮಾಡುತ್ತಾನೆ? ಕಿವಿಯೊಳಗೆ 75ರಿಂದ 80ರಷ್ಟು ತಲುಪುವಂಥದ್ದು ಸಾಕು. ಎರಡು ಮೂರು ಬಗೆ, ಎರಡು ಮೂರು ಸೈಜ್ ತಂದಿಟ್ಟು ಅವರವರ ಕಿವಿಗೆ ಹೊಂದುವುದನ್ನು ಆರಿಸಿಕೊಳ್ಳಲು ಬಿಡಿ.

ಹಾಕುವ ರೀತಿಯನ್ನಂತೂ ಯಾರೂ ಕಲಿಸುವುದೇ ಇಲ್ಲ. ಫೋಮ್ ಪ್ಲಗ್ಗನ್ನು ಒಣಗಿದ, ಶುದ್ಧ ಕೈಯಲ್ಲಿ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ತೂರಿಸಿ 20–30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಿರಿ, ಉಬ್ಬಿಕೊಳ್ಳಲಿ. ಆಮೇಲೆ ಗದ್ದಲದಲ್ಲಿ ನಿಂತು ಎರಡೂ ಕಿವಿಯ ಮೇಲೆ ಅಂಗೈ ಮುಚ್ಚಿ ತೆಗೆದು ನೋಡಿ. ಮುಚ್ಚಿದಾಗ ಶಬ್ದ ತುಂಬಾ ಕಡಿಮೆಯಾದರೆ ಪ್ಲಗ್ ಸರಿಯಾಗಿ ಕೂತಿಲ್ಲ. ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಇಯರ್‌ಮಫ್ (ಇಡೀ ಕಿವಿಯನ್ನು ಹೊರಗಿನಿಂದ ಮುಚ್ಚುವಂಥದ್ದು) ಹಾಕುವವರ ಕನ್ನಡಕದ ಕಾಲು ದಪ್ಪಗಿದ್ದರೆ ಅಲ್ಲಿ ಸಂದಿಯಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ, ಪ್ಲಗ್ ಕೊನೆಯ ಉಪಾಯ. ಮೊದಲು ಮೆಷಿನ್ನಿನ ಬಾಯಿ ಮುಚ್ಚಿಸಬೇಕು. ಸಡಿಲವಾದ ತಗಡು ಬಿಗಿ ಮಾಡುವುದು, ಸವೆದ ಬೇರಿಂಗ್ ಬದಲಿಸುವುದು, ಗಾಳಿ ಊದುವ ಪೈಪಿಗೆ ಶಬ್ದ ಕಡಿಮೆ ಮಾಡುವ ನಾಝಲ್ ಹಾಕುವುದು, ಕಂಪ್ರೆಸರನ್ನು ಗೋಡೆಯಾಚೆ ಇಡುವುದು. ಪೆಟ್ಟಿಗೆ ಕಟ್ಟಿ ಮೆಷಿನ್ ಮುಚ್ಚುವುದಾದರೆ ಸಂದಿ ಬಿಡಬೇಡಿ: ಮೇಲ್ಮೈಯ ನೂರರಲ್ಲಿ 10 ಭಾಗ ತೆರೆದಿದ್ದರೆ, ಗೋಡೆ ಎಷ್ಟೇ ದಪ್ಪ ಇರಲಿ, ಕಡಿಮೆಯಾಗುವುದು ಹೆಚ್ಚೆಂದರೆ 10 ಡೆಸಿಬೆಲ್. ಪೇಂಟ್, ಥಿನ್ನರ್ ಕೆಲಸದವರಿಗೆ ಇನ್ನೊಂದು ಮಾತು. ಟೊಲುವೀನ್, ಸ್ಟೈರೀನ್‌ನಂಥ ದ್ರಾವಕಗಳ ಆವಿಯೂ ಕಿವಿಗೆ ಹಾನಿ ಮಾಡುತ್ತದೆ. ಗದ್ದಲವೂ ಸೇರಿದರೆ ಹಾನಿ ಹೆಚ್ಚು, ಹಾಗಾಗಿ ಅಲ್ಲಿ ಗಾಳಿಯಾಟವೂ ಕಿವಿಯ ರಕ್ಷಣೆಯೇ.

ಕೆಲಸಕ್ಕೆ ಸೇರುವಾಗಲೇ ಒಂದು ಆಡಿಯೋಗ್ರಾಂ (ಕೇಳುವ ಶಕ್ತಿಯನ್ನು ಅಳೆದು ಗ್ರಾಫಿನಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿಕೊಳ್ಳಿ, ಆಮೇಲೆ ವರ್ಷಕ್ಕೊಂದು. ಮೊದಲ ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಗದ್ದಲದಿಂದ ದೂರ ಇರಬೇಕು, ಶಿಫ್ಟ್ ಮುಗಿಸಿ ನೇರ ಬಂದರೆ ತಪ್ಪು ಲೆಕ್ಕ ಬರುತ್ತದೆ. ಮೊದಲ ಗ್ರಾಫಿನ ಜೊತೆ ಹೋಲಿಸಿದಾಗ 4000 ಹರ್ಟ್ಜ್ ಹತ್ತಿರ ಗೆರೆ ಕುಸಿಯುತ್ತಿದ್ದರೆ, ಮಾತು ಸರಿಯಾಗಿ ಕೇಳಿಸದಂತಾಗುವ ಎಷ್ಟೋ ವರ್ಷ ಮೊದಲೇ ಅದು ನಮಗೆ ಕಾಣುತ್ತದೆ. ಪ್ರತಿ ಪರೀಕ್ಷೆಯ ಪ್ರತಿಯನ್ನು ಕೇಳಿ ಪಡೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಕೆಲಸ ಬದಲಿಸಿದಾಗ ಹೊಸ ಜಾಗಕ್ಕೂ ತೆಗೆದುಕೊಂಡು ಹೋಗಿ.