ಪೊಲೀಸರ ಲೈಸೆನ್ಸ್ ಯಾರ ಕೈಲಿ? ಅಮೆರಿಕದ 'ಪೋಸ್ಟ್' ಕಮಿಷನ್‌ಗಳಲ್ಲಿ ಕುರ್ಚಿ ಹಂಚಿಕೆಯ ಹಿಂದಿನ ಕಥೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪೊಲೀಸರಿಗೆ ಲೈಸೆನ್ಸ್ ಥರ ಸರ್ಟಿಫಿಕೇಟ್ ಕೊಡೋಕೆ, ದೊಡ್ಡ ತಪ್ಪು ಮಾಡಿದ್ರೆ ಅದನ್ನ ವಾಪಸ್ ಕಿತ್ಕೊಳ್ಳೋಕೆ ಒಂದು ಕಮಿಷನ್ ಇದೆ. ಒಟ್ಟು 9 ಜನ ಮೆಂಬರ್‌ಗಳು, ಅದ್ರಲ್ಲಿ ಪೊಲೀಸರು ಮೂರೇ ಜನ, ಮಿಕ್ಕ ಆರು ಜನ ಹೊರಗಿನವರು. ಇಷ್ಟೇ ಲೆಕ್ಕ. ಆದ್ರೆ ಇಂಥ ಕಮಿಷನ್‌ಗಳು ಶುರುವಾದ ಮೇಲೆ ಈ ಲೆಕ್ಕಕ್ಕೆ ಬಂದು ಮುಟ್ಟೋಕೆ ಆ ದೇಶಕ್ಕೆ 60 ವರ್ಷ ಹಿಡೀತು, ಮಧ್ಯೆ ಎಷ್ಟೋ ಜೀವ ಹೋದವು. ಪೊಲೀಸ್ ಸುಧಾರಣೆ ಅಂದ ತಕ್ಷಣ ಎಲ್ರೂ ಕಾನೂನಲ್ಲಿ ಏನು ಪವರ್ ಕೊಟ್ಟಿದ್ದಾರೆ ಅಂತಷ್ಟೇ ನೋಡ್ತಾರೆ, ಆ ಪವರ್ ಹಿಡ್ಕೊಂಡು ಕೂರೋರು ಯಾರು, ಅವರನ್ನ ಅಲ್ಲಿ ಕೂರಿಸಿದ್ದು ಯಾರು ಅನ್ನೋದು ಅದಕ್ಕಿಂತ ಮುಖ್ಯ ಅಂತ ನನಗನ್ಸುತ್ತೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ನಮ್ಮಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ ರಾಜ್ಯಕ್ಕೆಲ್ಲ ಒಂದೇ ಪೊಲೀಸ್ ಇಲಾಖೆ, ಒಬ್ಬರೇ ಡಿಜಿಪಿ. ಅಮೆರಿಕದಲ್ಲಿ ಹಾಗಲ್ಲ. ಪ್ರತಿ ಊರಿಗೆ, ಪ್ರತಿ ಕೌಂಟಿಗೆ (ನಮ್ಮ ಜಿಲ್ಲೆ ಥರ) ಬೇರೆ ಬೇರೆ ಪೊಲೀಸ್, ದೇಶದಲ್ಲಿ ಒಟ್ಟು ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ, ಕೆಲವು ಕಡೆ ಬೆರಳೆಣಿಕೆಯಷ್ಟೇ ಪೊಲೀಸರಿರ್ತಾರೆ. ಹಿಂದೆಲ್ಲ ಯಾರನ್ನ ಸೇರಿಸ್ಕೋಬೇಕು, ಎಷ್ಟು ವಾರ ಟ್ರೈನಿಂಗ್ ಕೊಡಬೇಕು ಅನ್ನೋದು ಆಯಾ ಊರಿನವರ ಇಷ್ಟ. ಅದಕ್ಕೆ ಕನಿಷ್ಠ ಒಂದು ಮಟ್ಟ ಇರಲಿ ಅಂತ 1959ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೀಸ್ ಆಫೀಸರ್ ಸ್ಟ್ಯಾಂಡರ್ಡ್ಸ್ ಅಂಡ್ ಟ್ರೈನಿಂಗ್ ಕಮಿಷನ್ ಮಾಡಿದ್ರು, ಎಲ್ರೂ ಚಿಕ್ಕದಾಗಿ 'ಪೋಸ್ಟ್' ಅಂತಾರೆ. ಕೋರ್ಟುಗಳಲ್ಲಿ ಕಟ್ಟೋ ದಂಡದ ಮೇಲೆ ಹಾಕೋ ಹೆಚ್ಚುವರಿ ಹಣದಿಂದ ಟ್ರೈನಿಂಗ್ ಖರ್ಚು ನಡೀತಿತ್ತು. 1967ರಲ್ಲಿ ಪ್ರೆಸಿಡೆಂಟ್ ಜಾನ್ಸನ್ ನೇಮಿಸಿದ್ದ ಆಯೋಗ ಪ್ರತಿ ರಾಜ್ಯದಲ್ಲೂ ಇಂಥದ್ದೊಂದು ಕಮಿಷನ್ ಆಗ್ಲಿ ಅಂತ ಹೇಳ್ತು, ಒಂದೊಂದಾಗಿ ಆದ್ವು ಕೂಡ.

ಆಗ ಕುರ್ಚಿಗಳಲ್ಲಿ ಕೂತೋರು ಯಾರಪ್ಪ ಅಂದ್ರೆ ಪೊಲೀಸ್ ಚೀಫ್‌ಗಳು, ಶೆರಿಫ್‌ಗಳು (ಕೌಂಟಿ ಪೊಲೀಸ್ ಮುಖ್ಯಸ್ಥರು), ಪೊಲೀಸ್ ಯೂನಿಯನ್‌ನವರು, ಜೊತೆಗೆ ಒಂದಿಬ್ಬರು ಮೇಯರ್‌ಗಳೋ ಕಾಲೇಜಿನವರೋ. ಇದ್ರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇರಲಿಲ್ಲ, ಕೆಲಸ ಇದ್ದಿದ್ದೇ ಟ್ರೈನಿಂಗು, ಲಾಠಿ ಹಿಡಿಯೋದು ಬಂದೂಕು ಹಿಡಿಯೋದು ಹೆಂಗೆ ಅಂತ ಪೊಲೀಸರಿಗಿಂತ ಚೆನ್ನಾಗಿ ಯಾರು ಹೇಳ್ಕೊಡ್ತಾರೆ. ತೊಂದರೆ ಶುರುವಾಗಿದ್ದು ಆಮೇಲೆ, ಇದೇ ಕಮಿಷನ್‌ಗಳ ಕೈಗೆ ಶಿಸ್ತಿನ ಕೆಲಸ ಬಂದಾಗ. ಸಿಲಬಸ್ ಬರೆಯೋಕೆ ಅಂತ ಸೇರಿಸಿದ್ದ ಮೆಂಬರ್‌ಗಳೇ ಈಗ ತಮ್ಮ ಜೊತೆಯವರ ಕೆಲಸ ತೆಗಿಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಬೇಕಾಯ್ತು. ಕ್ಯಾಲಿಫೋರ್ನಿಯಾದಲ್ಲಂತೂ ಸರ್ಟಿಫಿಕೇಟ್ ರದ್ದು ಮಾಡೋ ಅಧಿಕಾರವನ್ನೇ 2003ರಲ್ಲಿ ಕಮಿಷನ್‌ನಿಂದ ವಾಪಸ್ ತಗೊಂಡ್ರು, ಮುಂದಿನ 18 ವರ್ಷ ಅಷ್ಟು ದೊಡ್ಡ ರಾಜ್ಯದಲ್ಲಿ ಆ ದಾರಿನೇ ಇರಲಿಲ್ಲ.

ಈ ಅಧಿಕಾರ ಯಾಕೆ ಬೇಕು ಅಂತ ತಿಳ್ಕೊಳ್ಳೋಕೆ ಟಮೀರ್ ರೈಸ್ ಪ್ರಕರಣ ನೋಡಿ ಸಾಕು. 2014ರ ನವೆಂಬರ್‌ನಲ್ಲಿ ಒಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಪಾರ್ಕಲ್ಲಿ ಆಟದ ಗನ್ ಹಿಡ್ಕೊಂಡಿದ್ದ 12 ವರ್ಷದ ಹುಡುಗ ಅವನು, ಪೊಲೀಸ್ ಕಾರು ಬಂದು ನಿಂತ ಕೆಲವೇ ಸೆಕೆಂಡುಗಳಲ್ಲಿ ಗುಂಡು ಹೊಡೆದ್ರು. ಹೊಡೆದ ಅಧಿಕಾರಿ ಅದಕ್ಕೂ ಮುಂಚೆ ಪಕ್ಕದ ಇನ್ನೊಂದು ಸಣ್ಣ ಊರಿನ ಪೊಲೀಸ್‌ನಲ್ಲಿದ್ದ, ಈತ ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಅಲ್ಲಿನ ಮೇಲಧಿಕಾರಿಗಳು ಬರೆದಿಟ್ಟಿದ್ರು, ಅವನು ರಾಜೀನಾಮೆ ಕೊಟ್ಟು ಹೊರಗೆ ಬಂದ, ಕ್ಲೀವ್‌ಲ್ಯಾಂಡ್‌ನವರು ಆ ಫೈಲ್ ತೆಗೆದು ನೋಡದೇನೆ ಕೆಲಸ ಕೊಟ್ರು. ಹೀಗೆ ಊರಿಂದ ಊರಿಗೆ ಅಲೆಯೋ ಪೊಲೀಸರ ಬಗ್ಗೆ ಫ್ಲೋರಿಡಾದ 30 ವರ್ಷದ ದಾಖಲೆ ಇಟ್ಕೊಂಡು ಇಬ್ಬರು ಕಾನೂನು ಪ್ರಾಧ್ಯಾಪಕರು ಮಾಡಿದ ಅಧ್ಯಯನ 2020ರಲ್ಲಿ ಬಂತು: ಯಾವುದೇ ವರ್ಷ ನೋಡಿದ್ರೂ, ಹಿಂದೆ ಒಂದು ಕಡೆ ಡಿಸ್ಮಿಸ್ ಆದೋರು ಸರಾಸರಿ 1,100 ಜನ ಇನ್ನೊಂದು ಕಡೆ ಪೊಲೀಸರಾಗಿ ಡ್ಯೂಟಿ ಮಾಡ್ತಿದ್ರು. ಗಮನಿಸಿ, ಫ್ಲೋರಿಡಾದಲ್ಲಿ ಲೈಸೆನ್ಸ್ ಕಿತ್ಕೊಳ್ಳೋ ಕಮಿಷನ್ ಇರಲಿಲ್ಲ ಅಂತಲ್ಲ, ಇತ್ತು.

ಮಿನೆಸೋಟಾದಲ್ಲೂ ಇತ್ತು. 1977ರಷ್ಟು ಹಿಂದೆಯೇ ಪೋಸ್ಟ್ ಬೋರ್ಡ್ ಮಾಡಿದ್ದ ರಾಜ್ಯ ಅದು, ಪೊಲೀಸ್ ಆಗಬೇಕಂದ್ರೆ ಕಾಲೇಜು ಓದಿರಬೇಕು ಅಂತ ಮಾಡಿ ಹೆಸರು ತಗೊಂಡಿತ್ತು. ಆದ್ರೆ ಬೋರ್ಡ್‌ನ 15 ಸೀಟಲ್ಲಿ ಸಾಮಾನ್ಯ ನಾಗರಿಕರಿಗೆ ಅಂತ ಇದ್ದಿದ್ದು ಎರಡೇ ಸೀಟು. ಕೋರ್ಟಲ್ಲಿ ಶಿಕ್ಷೆ ಆಗಿದ್ರೂ ಬೋರ್ಡ್‌ನಿಂದ ಯಾವ ಕ್ರಮಾನೂ ಎದುರಿಸದ ಪೊಲೀಸರು ನೂರಾರು ಜನ ಇದ್ದಾರೆ ಅಂತ 2017ರಲ್ಲಿ ಅಲ್ಲಿನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆ ಹೊರಗೆ ತಂತು. ಮೂರು ವರ್ಷ ಆದ್ಮೇಲೆ, 2020ರ ಮೇ 25ರಂದು, ಅದೇ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಸಾವು. ಆ ಬೇಸಿಗೆಯಲ್ಲೇ ಕಾನೂನು ತಿದ್ದಿ ನಾಗರಿಕರ ಸೀಟು ಎರಡರಿಂದ ನಾಲ್ಕಕ್ಕೆ ಏರಿಸಿದ್ರು. ನನ್ನ ಪ್ರಕಾರ ಇದು ಸಾಲದು, 17ರಲ್ಲಿ 4 ಅಂದ್ರೆ ಓಟಿಗೆ ಬಂದಾಗ ಅವರ ಮಾತು ನಡೆಯೋದು ಕಷ್ಟ.

ಮ್ಯಾಸಚೂಸೆಟ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಅಲ್ಲಿ ಆವರೆಗೆ ಪೊಲೀಸ್ ಲೈಸೆನ್ಸ್ ಪದ್ಧತಿನೇ ಇರಲಿಲ್ಲ, ಹಾಗಾಗಿ ಹಳೇ ಕಮಿಷನ್ ರಿಪೇರಿ ಮಾಡೋ ತಾಪತ್ರಯ ಇರಲಿಲ್ಲ, ಹೊಸದಾಗೇ ಕಟ್ಟಿದ್ರು. ಗವರ್ನರ್ (ಅಲ್ಲಿ ಇವರು ನಮ್ಮ ಮುಖ್ಯಮಂತ್ರಿ ಥರ) ಮೂವರನ್ನ, ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಮೂವರನ್ನ, ಇಬ್ಬರೂ ಸೇರಿ ಇನ್ನು ಮೂವರನ್ನ ನೇಮಿಸಬೇಕು. ಒಬ್ಬರು ಪೊಲೀಸ್ ಚೀಫ್, ಒಬ್ಬರು ರಿಟೈರ್ಡ್ ಜಡ್ಜ್, ಒಬ್ಬರು ಸೋಷಿಯಲ್ ವರ್ಕರ್, ಸಾರ್ಜೆಂಟ್‌ಗಿಂತ ಕೆಳಗಿನ ದರ್ಜೆಯ ಒಬ್ಬ ಪೊಲೀಸ್, ಅಲ್ಪಸಂಖ್ಯಾತ ಪೊಲೀಸರ ಸಂಘ ಹೆಸರಿಸಿದ ಒಬ್ಬರು, ವಕೀಲರ ಸಂಘದ ನಾಗರಿಕ ಹಕ್ಕು ವಿಭಾಗ ಹೆಸರಿಸಿದ ಒಬ್ಬ ವಕೀಲರು, ಹೀಗೆ. ಇದ್ರಲ್ಲಿ ನನಗೆ ಹಿಡಿಸಿದ್ದು ಏನಂದ್ರೆ ಹಲವು ಸೀಟಿಗೆ ಹೆಸರು ಬರಬೇಕಾಗಿದ್ದು ಹೊರಗಿನ ಸಂಸ್ಥೆಗಳಿಂದ, ಗವರ್ನರ್ ತಮಗೆ ಬೇಕಾದೋರನ್ನ ಸುಮ್ನೆ ಕೂರಿಸೋ ಹಾಗಿಲ್ಲ. ಮೊದಲ ಅಧ್ಯಕ್ಷೆಯಾಗಿ ನಿವೃತ್ತ ಜಡ್ಜ್ ಮಾರ್ಗರೆಟ್ ಹಿಂಕಲ್ ಬಂದ್ರು. ಬಾಸ್ಟನ್ ಪೊಲೀಸರ ಯೂನಿಯನ್ ಅಧ್ಯಕ್ಷರಿಗೂ ಒಂದು ಸೀಟು ಸಿಕ್ತು, ಅದು ಸರೀನೇ, ಗಸ್ತು ತಿರುಗೋರ ಕಷ್ಟ ಹೇಳೋಕೆ ಒಬ್ಬರು ಒಳಗಿರಬೇಕು.

ಆದ್ರೆ ಒಂದು ವಿಷಯಕ್ಕೆ ಮಾತ್ರ ಜೋರು ಜಗಳ ಆಯ್ತು. ಟ್ರೈನಿಂಗನ್ನೂ ಈ ನಾಗರಿಕರೇ ಜಾಸ್ತಿ ಇರೋ ಕಮಿಷನ್ ಕೈಗೆ ಕೊಡಬೇಕು ಅಂತ ಶಾಸಕರು ಬರೆದಿದ್ರು, ಹಾಗಾದ್ರೆ ನಾನು ಸಹಿ ಹಾಕಲ್ಲ ಅಂತ ಗವರ್ನರ್ ಚಾರ್ಲಿ ಬೇಕರ್ ಡಿಸೆಂಬರ್‌ನಲ್ಲಿ ಬಿಲ್ ವಾಪಸ್ ಕಳಿಸಿದ್ರು. ಕೊನೆಗೆ ಶಾಸಕರು ಬಗ್ಗಿದ್ರು, ಟ್ರೈನಿಂಗ್ ಮೊದಲಿಂದ ಅದನ್ನ ನೋಡ್ಕೊಳ್ತಿದ್ದ ಬೇರೆ ಸಮಿತಿ ಹತ್ರಾನೇ ಉಳೀತು, 2020ರ ಡಿಸೆಂಬರ್ 31ರಂದು ಸಹಿ ಬಿತ್ತು. ಅಂದ್ರೆ ತಪ್ಪು ಮಾಡಿದ್ಮೇಲೆ ಕೇಳೋ ಹಕ್ಕು ಜನರಿಗೆ ಸಿಕ್ತು, ಮೊದಲೇ ಏನು ಕಲಿಸ್ತೀರಿ ಅಂತ ತೀರ್ಮಾನಿಸೋ ಹಕ್ಕು ಸಿಗಲಿಲ್ಲ. ಅವತ್ತು ಶಾಸಕರು ಇನ್ನೊಂದು ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕಿತ್ತು.

ಕ್ಯಾಲಿಫೋರ್ನಿಯಾ 2021ರಲ್ಲಿ ಸರ್ಟಿಫಿಕೇಟ್ ರದ್ದು ಮಾಡೋ ಅಧಿಕಾರ ವಾಪಸ್ ತರೋ ಕಾನೂನು ಮಾಡ್ತು, ಅಲ್ಲಿನ ಗಾರ್ಡಿನಾ ಊರಲ್ಲಿ ಪೊಲೀಸ್ ಗುಂಡಿಗೆ ಸತ್ತ ಕೆನೆತ್ ರಾಸ್ ಜೂನಿಯರ್ ಹೆಸರಲ್ಲಿ. ಹಳೇ ಕಮಿಷನ್ ಹಾಗೇ ಇಟ್ಟು, ಅದಕ್ಕೆ ಶಿಫಾರಸು ಮಾಡೋಕೆ 9 ಜನರ ಹೊಸ ಬೋರ್ಡ್ ಮಾಡಿದ್ರು, ಅದ್ರಲ್ಲಿ 7 ಜನ ಯಾವತ್ತೂ ಪೊಲೀಸ್ ಆಗಿರಬಾರದು. ಇಬ್ಬರ ಆಯ್ಕೆಯಲ್ಲಿ ಪೊಲೀಸ್ ದೌರ್ಜನ್ಯಕ್ಕೆ ಸಿಕ್ಕೋರಿಗೆ, ಇಲ್ಲಾಂದ್ರೆ ಅಂಥ ದೌರ್ಜನ್ಯದಲ್ಲಿ ಸತ್ತೋರ ಮನೆಯವರಿಗೆ ಆದ್ಯತೆ ಕೊಡಬೇಕು ಅಂತ ಕಾನೂನಲ್ಲೇ ಬರೆದ್ರು. ಮಗನ್ನ ಕಳ್ಕೊಂಡ ತಾಯಿಗೂ ಆ ಮೇಜಿನ ಮುಂದೆ ಜಾಗ ಇರಬೇಕು ಅಂತ ಒಂದು ಸರ್ಕಾರ ಒಪ್ಕೊಂಡಿದ್ದು ಸಣ್ಣ ವಿಷಯ ಅಲ್ಲ.

ಈ ಚರ್ಚೆ ನಮ್ಮಲ್ಲೂ ಹಳೇದೇ. ಎಮರ್ಜೆನ್ಸಿ ಆದ್ಮೇಲೆ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ಆಯ್ತು, ಅಧ್ಯಕ್ಷರು ಧರ್ಮವೀರ, ನಮ್ಮ ಮೈಸೂರು ರಾಜ್ಯಕ್ಕೆ ಹಿಂದೆ ರಾಜ್ಯಪಾಲರಾಗಿದ್ದೋರೇ. ಸರ್ಕಾರ ಪೊಲೀಸರ ಮೇಲೆ ಬೇಕಾಬಿಟ್ಟಿ ಒತ್ತಡ ಹಾಕದ ಹಾಗೆ ನೋಡ್ಕೊಳ್ಳೋಕೆ ಪ್ರತಿ ರಾಜ್ಯಕ್ಕೂ ಒಂದು ಭದ್ರತಾ ಆಯೋಗ ಬೇಕು ಅಂತ 1979ರ ಎರಡನೇ ವರದಿಯಲ್ಲಿ ಹೇಳಿದ್ರು, ಮಂತ್ರಿ ಅಧ್ಯಕ್ಷರು, ಆಡಳಿತ ಪಕ್ಷದಿಂದ ಒಬ್ಬರು, ವಿರೋಧ ಪಕ್ಷದಿಂದ ಒಬ್ಬರು, ಇನ್ನು ನಾಲ್ವರು ನಿವೃತ್ತ ಜಡ್ಜ್, ವಿದ್ವಾಂಸರು ಇಂಥೋರು, ಆ ನಾಲ್ವರಿಗೆ ಶಾಸನಸಭೆಯ ಒಪ್ಪಿಗೆ ಬೇಕು. ವರದಿ ಧೂಳು ತಿಂತಾ ಬಿತ್ತು. ಅದನ್ನ ಜಾರಿ ಮಾಡ್ಸಿ ಅಂತ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು: ಎಲ್ಲ ರಾಜ್ಯಗಳೂ ಆಯೋಗ ಮಾಡ್ಲೇಬೇಕು, ಅದರ ಮಾತು ಸರ್ಕಾರ ಕೇಳ್ಲೇಬೇಕು, ಮೆಂಬರ್‌ಗಳು ಸರ್ಕಾರದ ಹಿಡಿತದಲ್ಲಿ ಇರಬಾರದು. ಮೂರು ಮಾದರಿ ಕೊಟ್ಟು ಇದ್ರಲ್ಲಿ ಒಂದು ಆರಿಸ್ಕೊಳ್ಳಿ ಅಂದ್ರು. ನಿವೃತ್ತ ಪೊಲೀಸ್ ಅಧಿಕಾರಿ ರಿಬೇರೊ ಅವರ ಸಮಿತಿ ಮಾದರಿಯಲ್ಲಿ ರಾಜಕೀಯಕ್ಕೆ ಸೇರದ ಮೂವರು ನಾಗರಿಕರು, ಹಿರಿಯ ವಕೀಲ ಸೊರಾಬ್ಜಿ ಅವರ ಸಮಿತಿ ಮಾದರಿಯಲ್ಲಿ ಐವರು, ಮಾನವ ಹಕ್ಕು ಆಯೋಗದ ಮಾದರಿಯಲ್ಲಿ ಲೋಕಾಯುಕ್ತರು ಮತ್ತು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಹೆಸರಿಸಿದ ಜಡ್ಜ್, ಮೂರರಲ್ಲೂ ವಿರೋಧ ಪಕ್ಷದ ನಾಯಕರಿಗೆ ಸೀಟಿದೆ. ರಾಜ್ಯಗಳು ಇದನ್ನ ಎಷ್ಟರ ಮಟ್ಟಿಗೆ ಪಾಲಿಸಿವೆ ಅಂತ ನೋಡೋಕೆ ಕೋರ್ಟ್ ಜಸ್ಟಿಸ್ ಕೆ.ಟಿ. ಥಾಮಸ್ ಸಮಿತಿ ಕಳಿಸ್ತು, 2010ರಲ್ಲಿ ಅವರು ಕೊಟ್ಟ ವರದಿಯಲ್ಲಿದ್ದಿದ್ದು ರಾಜ್ಯಗಳ ಸಂಪೂರ್ಣ ಅಸಡ್ಡೆ ನೋಡಿ ಆದ ಬೇಸರ.